ಲೆಕ್ಕ ತಾಳೆಯಾಗದ ಕಡೆ ಸಿಕ್ಕ ಕೆಲಸ: ಒಬ್ಬ ಲೋಟಸ್ ನೋಟ್ಸ್ ಪರಿಣತನ ಪ್ರಕರಣ

ಹದಿನೇಳು ವರ್ಷ ಒಂದೇ ತಂತ್ರಜ್ಞಾನದಲ್ಲಿ ಪಳಗಿದ ನನ್ನ ಗೆಳೆಯನೊಬ್ಬ ಐದು ತಿಂಗಳು ಕೆಲಸವಿಲ್ಲದೆ ಕೂತ. ಆಮೇಲೆ ಅದೇ ತಂತ್ರಜ್ಞಾನದ ಬಲದ ಮೇಲೆಯೇ ಕಾಂಟ್ರಾಕ್ಟ್ ಹಿಡಿದ. ನಡುವೆ ಏನೇನು ನಡೆಯಿತು ಅನ್ನುವುದನ್ನು ಅವನ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ನಾನೂ ಕಾಂಟ್ರಾಕ್ಟ್ ಕೆಲಸದ ಮೇಲೆಯೇ ಸಂಸಾರ ನಡೆಸುವವನು. ಆ ಐದು ತಿಂಗಳು ವಾರಕ್ಕೆರಡು ಸಲವಾದರೂ ಅವನ ಜೊತೆ ಕೂತು ರೆಸ್ಯೂಮೆ ತಿದ್ದಿದ್ದೇನೆ, ಪತ್ರ ಬರೆಸಿದ್ದೇನೆ. ಹಾಗಾಗಿ ಕೆಳಗೆ ಬರುವ ತಪ್ಪು ಹೆಜ್ಜೆಗಳಲ್ಲಿ ಒಂದೆರಡು ನನ್ನ ಸಲಹೆಯಿಂದಲೇ ಆದವು. ಅವನ್ನೂ ಮುಚ್ಚಿಡುವುದಿಲ್ಲ.

ಅವನ ಪರಿಣತಿ ಲೋಟಸ್ ನೋಟ್ಸ್ ಮತ್ತು ಅದರ ಸರ್ವರ್ ಭಾಗವಾದ ಡಾಮಿನೊ. ಈಚೆಗೆ ಕೆಲಸಕ್ಕೆ ಸೇರಿದವರು ಹೆಸರೇ ಕೇಳಿರಲಿಕ್ಕಿಲ್ಲ. ರೇ ಓಝಿ ಮತ್ತು ಅವರ ತಂಡ ಕಟ್ಟಿದ ಈ ತಂತ್ರಾಂಶದ ಮೊದಲ ಆವೃತ್ತಿ 1989ರಲ್ಲಿ ಬಂತು. 1995ರಲ್ಲಿ ಐಬಿಎಂ ಸುಮಾರು 350 ಕೋಟಿ ಡಾಲರ್ ಕೊಟ್ಟು ಲೋಟಸ್ ಕಂಪನಿಯನ್ನೇ ಕೊಂಡಿತು. ಕಣ್ಣಿದ್ದದ್ದು ನೋಟ್ಸ್ ಮೇಲೆ. ಹೊರಗಿನಿಂದ ನೋಡಿದರೆ ಇಮೇಲ್ ತಂತ್ರಾಂಶ, ಒಳಗೆ ದಾಖಲೆಗಳನ್ನು ಇಡುವ ಒಂದು ಡೇಟಾಬೇಸ್. ರಜೆ ಅರ್ಜಿ, ಖರೀದಿಯ ಮಂಜೂರಾತಿ, ಗ್ರಾಹಕರ ದೂರು, ಗುಣಮಟ್ಟದ ಕೈಪಿಡಿ, ಹೀಗೆ ಕಚೇರಿಯ ಪ್ರತಿಯೊಂದಕ್ಕೂ ಒಂದೊಂದು ಪುಟ್ಟ ಅಪ್ಲಿಕೇಶನ್ ಕಟ್ಟಿಕೊಳ್ಳಬಹುದಿತ್ತು. ದೊಡ್ಡ ಸಂಸ್ಥೆಗಳು ನೂರುಗಟ್ಟಲೆ, ಸಾವಿರಗಟ್ಟಲೆ ಕಟ್ಟಿಕೊಂಡವು. 2018ರ ಡಿಸೆಂಬರ್‌ನಲ್ಲಿ ಐಬಿಎಂ ಇದನ್ನೂ ಇನ್ನು ಕೆಲವು ಉತ್ಪನ್ನಗಳನ್ನೂ ಸುಮಾರು 180 ಕೋಟಿ ಡಾಲರ್‌ಗೆ ಎಚ್‌ಸಿಎಲ್‌ಗೆ ಮಾರುವುದಾಗಿ ಹೇಳಿತು, ಮರುವರ್ಷ ಕೈಬದಲಾಯಿತು. ಹೊಸ ಆವೃತ್ತಿಗಳು ಈಗಲೂ ಬರುತ್ತಿವೆ, 2021ರಲ್ಲಿ 12, 2023ರಲ್ಲಿ 14. ಅಂದರೆ ನೋಟ್ಸ್ ಸತ್ತಿಲ್ಲ. ಆದರೆ ಹೊಸದಾಗಿ ಅದರಲ್ಲಿ ಕಟ್ಟಲು ಹೊರಟವರು ಸಿಗುವುದು ಅಪರೂಪ.

ಗೆಳೆಯ ಕೆಲಸ ಮಾಡುತ್ತಿದ್ದ ಸಂಸ್ಥೆಯೂ ನೋಟ್ಸ್ ಬಿಟ್ಟು ಬೇರೆ ವ್ಯವಸ್ಥೆಗೆ ಹೋಯಿತು. ಕೊನೆಯ ಸರ್ವರ್ ನಿಂತ ತಿಂಗಳೇ ಅವನ ಕೆಲಸವೂ ನಿಂತಿತು.

ಮೊದಲ ಆರು ವಾರ ಎಲ್ಲರೂ ಮಾಡುವುದನ್ನೇ ಮಾಡಿದ. ಕೆಲಸದ ಪೋರ್ಟಲ್‌ಗಳಲ್ಲಿ ‘ಲೋಟಸ್ ನೋಟ್ಸ್’, ‘ಡಾಮಿನೊ ಡೆವಲಪರ್’, ‘ಲೋಟಸ್‌ಸ್ಕ್ರಿಪ್ಟ್’ ಎಂದು ಅಲರ್ಟ್ ಹಾಕಿಕೊಂಡ. ವಾರಕ್ಕೆ ನಾಲ್ಕೈದು ಬರುತ್ತಿದ್ದವು. ತೆರೆದು ನೋಡಿದರೆ ಮೂರು ಏಜೆನ್ಸಿಗಳು ಒಂದೇ ಕೆಲಸವನ್ನು ಬೇರೆ ಬೇರೆ ಮಾತಿನಲ್ಲಿ ಹಾಕಿರುತ್ತಿದ್ದವು. ಇದು ಅವನಿಗೆ ಗೊತ್ತಾಗುವ ಹೊತ್ತಿಗೆ ಒಂದು ಪೆಟ್ಟು ಬಿದ್ದಾಗಿತ್ತು. ಎರಡು ಏಜೆನ್ಸಿಯವರಿಗೆ ‘ಸರಿ, ಕಳಿಸಿ’ ಅಂದಿದ್ದ. ಇಬ್ಬರೂ ಅದೇ ಗ್ರಾಹಕ ಸಂಸ್ಥೆಗೆ ಅವನ ಹೆಸರು ಕಳಿಸಿದರು. ಕಮಿಷನ್ ಯಾರಿಗೆ ಸಲ್ಲಬೇಕೆಂಬ ಜಗಳವೇ ಬೇಡವೆಂದು ಗ್ರಾಹಕರು ಎರಡನ್ನೂ ಪಕ್ಕಕ್ಕಿಟ್ಟರು. ಬೇಡಿಕೆ ಕಡಿಮೆ ಇರುವ ಕಡೆ ಇಂಥ ಒಂದು ತಪ್ಪು ಬಹಳ ದುಬಾರಿ. ಜಾವಾದವನಿಗೆ ನಾಳೆ ಇನ್ನೊಂದು ಕರೆ ಬರುತ್ತದೆ. ಇವನಿಗೆ ಆ ತಿಂಗಳಲ್ಲಿ ಬಂದದ್ದೇ ಅದೊಂದು. ಅಂದಿನಿಂದ ಗ್ರಾಹಕರ ಹೆಸರು ತಿಳಿಯದೆ ಯಾವ ಏಜೆನ್ಸಿಗೂ ಒಪ್ಪಿಗೆ ಕೊಡಬಾರದು, ಕೊಟ್ಟರೂ ಬರಹದಲ್ಲೇ ಕೊಡಬೇಕು ಅಂತ ಕಟ್ಟುನಿಟ್ಟು ಮಾಡಿಕೊಂಡ.

ಮುಂದಿನ ತಪ್ಪು ನನ್ನದು. ‘ನೋಟ್ಸ್ ಹೆಸರು ಕಂಡರೇ ಹಳಬ ಅಂದುಕೊಳ್ತಾರೆ, ಅದನ್ನು ಒಂದು ಸಾಲಿಗೆ ಇಳಿಸು’ ಅಂದೆ. ನೋಟ್ಸ್ ಒಳಗೆ ಜಾವಾ ಬರೆದಿದ್ದ, ಜಾವಾಸ್ಕ್ರಿಪ್ಟ್ ಬರೆದಿದ್ದ. ಅವೆರಡನ್ನೂ ಮೇಲಕ್ಕೆ ತಂದೆವು. ಕರೆಗಳೇನೋ ಹೆಚ್ಚಾದವು. ಆದರೆ ಸಂದರ್ಶನಕ್ಕೆ ಕೂತಾಗ ಪಕ್ಕದಲ್ಲಿರುತ್ತಿದ್ದವರು ಸ್ಪ್ರಿಂಗ್ ಬೂಟ್ ಅನ್ನುವ ಜಾವಾ ಚೌಕಟ್ಟಿನಲ್ಲಿ ದಿನಾ ಕೈಯಾಡಿಸುವವರು. ನಾಲ್ಕು ಸಂದರ್ಶನ ಹೋಯಿತು, ನಾಲ್ಕರಲ್ಲೂ ಹತ್ತು ನಿಮಿಷದೊಳಗೆ ತಿಳಿದುಬಿಡುತ್ತಿತ್ತು. ನಾಲ್ಕನೆಯದು ಮುಗಿಸಿ ಬಂದ ಸಂಜೆ ಅವನು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: ‘ನನ್ನ ಕೆಲಸಾನೇ ನಾನು ಮುಚ್ಚಿಟ್ಟುಕೊಂಡು ಓಡಾಡ್ತಾ ಇದೀನಿ ಕಣೋ.’ ಹದಿನೇಳು ವರ್ಷ ಒಂದನ್ನು ಚೆನ್ನಾಗಿ ಮಾಡಿದವನಿಂದ ಅದನ್ನು ಬಚ್ಚಿಡಿಸುವುದು ಅವನ ಬೆನ್ನುಮೂಳೆಗೇ ಕೈ ಹಾಕಿದ ಹಾಗೆ. ನಾನು ಹಾಗೆ ಹೇಳಬಾರದಿತ್ತು.

ಹಾಗೆ ನೋಡಿದರೆ ಅವನ ತಿಳಿವಳಿಕೆ ಹಳೆಯದೂ ಅಲ್ಲ. ಕೌಚ್‌ಡಿಬಿ ಅನ್ನುವ ಡೇಟಾಬೇಸ್ ಶುರುಮಾಡಿದ ಡೇಮಿಯನ್ ಕಾಟ್ಜ್ ಮೊದಲು ಲೋಟಸ್ ನೋಟ್ಸ್ ಕಟ್ಟುವ ತಂಡದಲ್ಲಿದ್ದವರು; ದಾಖಲೆಯನ್ನೇ ಮೂಲಘಟಕ ಮಾಡಿಕೊಳ್ಳುವುದು, ಸರ್ವರ್‌ಗಳ ನಡುವೆ ಪ್ರತಿ ಹೊಂದಿಸುವುದು, ಎರಡು ಕಡೆ ಒಮ್ಮೆಗೇ ತಿದ್ದಿದಾಗ ಘರ್ಷಣೆ ಬಿಡಿಸುವುದು, ಇವೆಲ್ಲ ಅಲ್ಲಿಂದ ಬಂದವು. ಗೆಳೆಯನಿಗೆ ಇದನ್ನು ಹೇಳಿದಾಗ ಮುಖ ಸ್ವಲ್ಪ ಅರಳಿತು. ಆದರೆ ಕೀವರ್ಡ್ ನೋಡಿ ಜರಡಿ ಹಿಡಿಯುವ ರಿಕ್ರೂಟರ್‌ಗೆ ಈ ವಂಶಾವಳಿ ಬೇಕಿಲ್ಲ.

ಆಮೇಲೆ ಎರಡು ತಿಂಗಳು ಒಂದು ಕ್ಲೌಡ್ ಸರ್ಟಿಫಿಕೇಟ್‌ಗೆ ಹೋಯಿತು. ಒಳ್ಳೆಯ ಅಂಕ ಬಂತು. ಕರೆ ಮಾಡಿದ ರಿಕ್ರೂಟರ್‌ಗಳದ್ದು ಒಂದೇ ಪ್ರಶ್ನೆ: ‘ಪ್ರೊಡಕ್ಷನ್‌ನಲ್ಲಿ ಎಷ್ಟು ವರ್ಷ?’ ಕಾಂಟ್ರಾಕ್ಟ್ ಕೊಡುವವರು ಕಲಿಯಲು ಹೊರಟವನಿಗೆ ಹಣ ಕೊಡುವುದಿಲ್ಲ. ಬಂದ ಮೊದಲ ದಿನದಿಂದಲೇ ಕೈ ನಡೆಯಬೇಕು ಅಂತಲೇ ಕಾಂಟ್ರಾಕ್ಟ್‌ಗೆ ಜನ ತಗೊಳ್ಳುವುದು. ಕಾಯಂ ಕೆಲಸ ಹುಡುಕುವವನಿಗೆ ಆ ಸರ್ಟಿಫಿಕೇಟ್ ಬಾಗಿಲು ತೆರೆಯುತ್ತಿತ್ತೇನೋ, ಇವನಿಗೆ ತೆರೆಯಲಿಲ್ಲ.

ದರ ಇಳಿಸಿಯೂ ನೋಡಿದ. ಹಿಂದಿನ ದರದ ಮುಕ್ಕಾಲಿಗೆ ಬಂದ, ಆಮೇಲೆ ಅರ್ಧಕ್ಕೆ. ಏನೂ ಬದಲಾಗಲಿಲ್ಲ. ಹತ್ತು ಜನ ಒಂದೇ ಕೆಲಸ ಮಾಡಬಲ್ಲವರಿದ್ದಾಗ ಅಗ್ಗವಾದವನನ್ನು ಆರಿಸುತ್ತಾರೆ. ಬೇಕೆನ್ನುವವರೇ ಕಣ್ಣಿಗೆ ಬೀಳದಿರುವಾಗ ಅಗ್ಗ ಯಾರ ಕಣ್ಣಿಗೆ ಬೀಳಬೇಕು?

ಈ ಹಂತದಲ್ಲಿ ಬಹಳ ಜನ ಕೋಬಾಲ್ ಕಥೆ ಹೇಳಿ ಸಮಾಧಾನ ಮಾಡುತ್ತಾರೆ. 1959ರಲ್ಲಿ ರೂಪುಗೊಂಡ ಪ್ರೋಗ್ರಾಮಿಂಗ್ ಭಾಷೆ; 2020ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ಪತ್ರಿಕಾಗೋಷ್ಠಿಯಲ್ಲೇ ಕೋಬಾಲ್ ಬಲ್ಲವರು ಬೇಕಾಗಿದ್ದಾರೆ ಅಂದರು. ನಿಜ. ಆದರೆ ಎಲ್ಲ ಹಳೆಯ ವಿದ್ಯೆಗೂ ಆ ಭಾಗ್ಯವಿಲ್ಲ. ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ಕ್ಕೆ ತೆರೆ ಬಿತ್ತು, ಬ್ರೌಸರ್‌ಗಳು ಕೈಬಿಟ್ಟವು, ಆ ಪರಿಣತರನ್ನು ಯಾರೂ ಹುಡುಕಿಕೊಂಡು ಹೋಗಲಿಲ್ಲ. ನನಗೆ ಕಾಣುವ ವ್ಯತ್ಯಾಸ ಇಷ್ಟು: ವ್ಯವಸ್ಥೆ ನಿಂತರೂ ಅದರೊಳಗಿನ ದಾಖಲೆಗಳನ್ನು ಉಳಿಸಿಕೊಳ್ಳಲೇಬೇಕೇ? ಕೋಬಾಲ್‌ನಲ್ಲಿ ಹಣದ ಲೆಕ್ಕ ಕೂತಿದೆ. ಫ್ಲ್ಯಾಶ್‌ನಲ್ಲಿ ಹೆಚ್ಚಾಗಿ ಇದ್ದದ್ದು ಪರದೆಯ ಮೇಲಿನ ಆಟ, ಅಲಂಕಾರ. ನೋಟ್ಸ್‌ನಲ್ಲಿ ಇಪ್ಪತ್ತು, ಮೂವತ್ತು ವರ್ಷದ ಮಂಜೂರಾತಿ ಪತ್ರಗಳಿವೆ, ದೂರುಗಳಿವೆ, ಒಪ್ಪಂದಗಳಿವೆ. ಕಾನೂನಿನ ಪ್ರಕಾರ ಇಷ್ಟು ವರ್ಷ ಇಡಲೇಬೇಕು ಅನ್ನುವಂಥವೂ ಅದರಲ್ಲಿವೆ. ಕಟ್ಟುವ ಕೆಲಸ ಬತ್ತಿದರೂ ಹೊರಗೆ ತರುವ ಕೆಲಸ ಉಳಿದಿದೆ. ಈ ಮಾತು ನಮ್ಮಿಬ್ಬರಿಗೂ ಹೊಳೆಯಲು ನಾಲ್ಕು ತಿಂಗಳು ಹಿಡಿಯಿತು.

ಹೊಳೆದದ್ದು ಹೀಗೆ. ಒಂದು ಸಂಜೆ ರೆಸ್ಯೂಮೆ ಮುಚ್ಚಿಟ್ಟು, ‘ಕೊನೇ ಎರಡು ವರ್ಷ ದಿನಾ ಬೆಳಿಗ್ಗೆ ಹೋಗಿ ಏನು ಮಾಡ್ತಿದ್ದೆ, ಅದನ್ನು ಹೇಳು’ ಅಂದೆ. ಅವನು ಅದನ್ನು ಇದನ್ನು ಹೇಳುತ್ತಾ, ಹೇಳಲು ಯೋಗ್ಯವಲ್ಲದ್ದೆಂಬಂತೆ ಒಂದು ಪ್ರಸಂಗ ತೆಗೆದ. ‘ಗುಣಮಟ್ಟ ವಿಭಾಗದ ಡೇಟಾಬೇಸ್‌ನಲ್ಲಿ ಹದಿನೆಂಟು ಸಾವಿರ ಚಿಲ್ಲರೆ ದಾಖಲೆ ಇತ್ತು. ಮೈಗ್ರೇಶನ್ ಟೂಲ್ ಹದಿನಾರು ಸಾವಿರ ತೆಗೆದು, ಎಲ್ಲ ಮುಗೀತು ಅಂತ ಹಸಿರು ಗುರುತು ತೋರಿಸ್ತು. ಹೊರಗಿನ ತಂಡದವರು ಎರಡು ವಾರ ಟೂಲ್ ಬಿಚ್ಚಿ ನೋಡಿದರು. ರೀಡರ್ಸ್ ಫೀಲ್ಡ್ ನೋಡಿದ್ರಾ ಅಂತ ನಾನು ಕೇಳಿದೆ, ಅಷ್ಟೇ.’

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅವನ ಮುಂದಿನ ದಾರಿ ತೆರೆದದ್ದು ಇಲ್ಲಿಂದಲೇ. ನೋಟ್ಸ್‌ನಲ್ಲಿ ಡೇಟಾಬೇಸ್‌ಗೆ ಒಟ್ಟಾರೆ ಅನುಮತಿ ಇರುವುದಲ್ಲದೆ ಒಂದೊಂದು ದಾಖಲೆಗೂ ಬೇರೆ ಅನುಮತಿ ಕೊಡಬಹುದು. ದಾಖಲೆಯೊಳಗೆ ರೀಡರ್ಸ್ ಫೀಲ್ಡ್ (ಓದಬಹುದಾದವರ ಹೆಸರುಗಳ ಪಟ್ಟಿ) ಇದ್ದರೆ, ಅದರಲ್ಲಿ ಹೆಸರಿಲ್ಲದವರಿಗೆ ಆ ದಾಖಲೆ ಇದೆಯೆಂದೇ ಗೊತ್ತಾಗುವುದಿಲ್ಲ. ಡೇಟಾಬೇಸ್‌ಗೆ ಮ್ಯಾನೇಜರ್ ಮಟ್ಟದ ಹಕ್ಕಿದ್ದರೂ ಅಷ್ಟೇ. ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಮೈಗ್ರೇಶನ್ ಟೂಲ್ ಯಾವುದೋ ಒಂದು ಐಡಿಯಲ್ಲಿ ಓಡುತ್ತದೆ. ಆ ಐಡಿಯ ಹೆಸರು ಫೀಲ್ಡ್‌ನಲ್ಲಿ ಇಲ್ಲದಿದ್ದರೆ ಟೂಲ್‌ಗೆ ದೋಷವೇ ಕಾಣದು. ಕಂಡಷ್ಟನ್ನು ತೆಗೆದು ಯಶಸ್ವಿ ಅನ್ನುತ್ತದೆ. ಆರು ತಿಂಗಳ ಮೇಲೆ ಸರ್ವರ್ ಕಳಚುತ್ತಾರೆ. ಆಗ ಉಳಿದ ದಾಖಲೆಗಳು ಹೋದವು, ಹೋದದ್ದು ಯಾರಿಗೂ ತಿಳಿಯಲಿಲ್ಲ. ಫುಲ್ ಆಕ್ಸೆಸ್ ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ಎಣಿಸಿದರೆ ನಿಜ ಲೆಕ್ಕ ಸಿಗುತ್ತದೆ. ನೋಟ್ಸ್ ಬಲ್ಲವನಿಗೆ ಇದು ಮೊದಲ ವರ್ಷದ ಪಾಠ. ದಾಖಲೆಗಳು ಹೋಗಿ ಸೇರುವ ಕಡೆಯ, ಅಂದರೆ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ವ್ಯವಸ್ಥೆಯ, ತಂಡಕ್ಕೆ ಇದು ಗೊತ್ತಿರಬೇಕಾದ ಕಾರಣವೇ ಇಲ್ಲ.

‘ಇದಕ್ಕೆ ದುಡ್ಡು ಕೊಡ್ತಾರೆ ಕಣೋ’ ಅಂದೆ. ಅವನು ನಂಬಲಿಲ್ಲ. ತನಗೆ ಸುಲಭವಾದದ್ದಕ್ಕೆ ಬೆಲೆಯಿಲ್ಲ ಅನ್ನುವ ಭಾವನೆ ಒಂದೇ ವಿದ್ಯೆಯಲ್ಲಿ ಬಹಳ ಕಾಲ ಇದ್ದವರಿಗೆಲ್ಲ ಅಂಟಿಕೊಂಡಿರುತ್ತದೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಆ ವಾರ ಒಂದೇ ಪುಟದ ಒಂದು ಬರಹ ತಯಾರಾಯಿತು: ನೋಟ್ಸ್ ಬಿಟ್ಟು ಹೊರಡುವಾಗ ದಾಖಲೆ ಎಲ್ಲೆಲ್ಲಿ ಕಳೆದುಹೋಗುತ್ತದೆ ಅಂತ. ರೀಡರ್ಸ್ ಫೀಲ್ಡ್ ಮೊದಲನೆಯದು. ಎನ್‌ಕ್ರಿಪ್ಟ್ ಆದ ಫೀಲ್ಡ್‌ಗಳು ಎರಡನೆಯದು. ಅವುಗಳ ಕೀಲಿ ಬಳಕೆದಾರರ ಐಡಿ ಫೈಲ್‌ನಲ್ಲಿರುತ್ತದೆ, ಆ ಮನುಷ್ಯ ಕೆಲಸ ಬಿಟ್ಟು ಐಡಿ ಫೈಲೂ ಕಳೆದಿದ್ದರೆ ಅಡ್ಮಿನಿಸ್ಟ್ರೇಟರ್ ಹಕ್ಕಿದ್ದರೂ ತೆರೆಯದು. ಪ್ರತಿಕ್ರಿಯೆ ದಾಖಲೆಗಳು ತಮ್ಮ ತಾಯಿ ದಾಖಲೆಯಿಂದ ಕಳಚಿ ಅನಾಥವಾಗುವುದು, ಸರ್ವರ್‌ಗಳ ನಡುವೆ ಪ್ರತಿ ಹೊಂದಿಸುವಾಗ (ರೆಪ್ಲಿಕೇಶನ್) ಆದ ಘರ್ಷಣೆಯ ಪ್ರತಿಗಳು ಎಣಿಕೆಯನ್ನು ಉಬ್ಬಿಸುವುದು, ಒಂದು ದಾಖಲೆಯಿಂದ ಇನ್ನೊಂದಕ್ಕೆ ಹೋಗುವ ಕೊಂಡಿಗಳು ಹೊಸ ಜಾಗದಲ್ಲಿ ಎತ್ತಲೂ ಹೋಗದಿರುವುದು, ಇವೂ ಇದ್ದವು. ತನ್ನ ಬಗ್ಗೆ ಬರೆದದ್ದು ಕೊನೆಯಲ್ಲಿ ಎರಡು ಸಾಲು ಮಾತ್ರ.

ಯಾರಿಗೆ ಕಳಿಸಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. ನೋಟ್ಸ್ ಇಟ್ಟುಕೊಂಡ ಸಂಸ್ಥೆಗಳಿಗೆ ಕಳಿಸಿ ಪ್ರಯೋಜನವಿಲ್ಲ. ಲೆಕ್ಕ ತಪ್ಪಿದೆ ಅಂತ ಅವರಿಗೆ ಗೊತ್ತಾಗುವುದೇ ಕೊನೆಗೆ. ಗೊತ್ತಾಗಿ ನಿದ್ದೆಗೆಡುವವರು ಅವರ ಪರವಾಗಿ ಸ್ಥಳಾಂತರ ಮಾಡಿಕೊಡುವ ಸಣ್ಣ, ಮಧ್ಯಮ ಗಾತ್ರದ ಸರ್ವಿಸ್ ಕಂಪನಿಗಳವರು. ಹಾಗಾಗಿ ಹುಡುಕುವ ಪದಗಳನ್ನೇ ಬದಲಿಸಿದೆವು. ‘ಡಾಮಿನೊ ಡೆವಲಪರ್’ ಬಿಟ್ಟು ‘ಮೈಗ್ರೇಶನ್ ಲೀಡ್’, ‘ಡಿಕಮಿಷನಿಂಗ್’, ‘ಆರ್ಕೈವ್’, ‘ರೆಕಾರ್ಡ್ಸ್ ರಿಟೆನ್ಷನ್’ ಅಂತ ಹುಡುಕಿದೆವು. ಜಾಹೀರಾತಿನ ಹೊಟ್ಟೆಯೊಳಗೆ ಎಲ್ಲೋ ಒಂದು ಕಡೆ ‘ನೋಟ್ಸ್‌ನ ಪರಿಚಯವಿದ್ದರೆ ಒಳಿತು’ ಅನ್ನುವ ಸಾಲು ಸಿಕ್ಕಿದರೆ, ಆ ಕೆಲಸಕ್ಕೆ ಅರ್ಜಿ ಹಾಕುವ ಬದಲು ಆ ಯೋಜನೆ ನಡೆಸುತ್ತಿರುವವರು ಯಾರೆಂದು ಹುಡುಕಿ ನೇರ ಬರೆದ. ಜೊತೆಗೆ ಹದಿನೇಳು ವರ್ಷದಲ್ಲಿ ಬೇರೆ ಬೇರೆ ಕಡೆ ಚದುರಿಹೋದ ಹಳೆಯ ಸಹೋದ್ಯೋಗಿಗಳಿಗೂ ಬರೆದ. ಇದಕ್ಕೆ ಅವನು ಬಹಳ ಹಿಂಜರಿದ, ‘ಕೆಲಸ ಇಲ್ಲ ಅಂತ ಹೇಗೋ ಕೇಳೋದು’ ಅಂದ. ಕೊನೆಗೆ ಬರೆದದ್ದು ಕೆಲಸ ಕೊಡಿ ಅಂತಲ್ಲ. ‘ನೀವಿರುವ ಕಡೆ ಯಾರಾದರೂ ನೋಟ್ಸ್‌ನಿಂದ ಹೊರಬರುತ್ತಿದ್ದಾರಾ? ಬರುತ್ತಿದ್ದರೆ ಈ ಪುಟ ಅವರಿಗೆ ತಲುಪಿಸುತ್ತೀರಾ?’

ಒಟ್ಟು ಮೂವತ್ತೊಂದು ಪತ್ರ ಹೋಯಿತು. ಆರು ಉತ್ತರ ಬಂತು. ನಾಲ್ಕು ‘ಇಟ್ಟುಕೊಂಡಿರುತ್ತೇವೆ’ ಅನ್ನುವಂಥವು. ಎರಡು ಫೋನ್ ಮಾತುಕತೆಗೆ ಬಂದವು. ಎರಡೂ ಹಳೆಯ ಸಹೋದ್ಯೋಗಿಗಳ ಕೈಯಿಂದ ದಾಟಿದ ಪುಟಗಳು.

ಮೊದಲನೆಯ ಕರೆಯಲ್ಲಿ ನಾನು ಪಕ್ಕದಲ್ಲೇ ಕೂತಿದ್ದೆ. ಆ ಕಡೆಯ ಪ್ರಾಜೆಕ್ಟ್ ಮ್ಯಾನೇಜರ್ ‘ನಿಮ್ಮ ಅನುಭವ ಹೇಳಿ’ ಅಂತ ಶುರುಮಾಡಿದರು. ಗೆಳೆಯ ಎರಡೇ ವಾಕ್ಯದಲ್ಲಿ ಮುಗಿಸಿ, ‘ಮೇಡಂ, ಒಂದು ಕೇಳಬಹುದಾ? ನಿಮ್ಮ ಟೂಲ್ ಯಾರ ಐಡಿಯಲ್ಲಿ ಓಡ್ತಿದೆ?’ ಅಂದ. ಸ್ವಲ್ಪ ಹೊತ್ತು ಮಾತಿಲ್ಲ. ‘ಅದನ್ನು ನೋಡಬೇಕು’ ಅಂದರು. ‘ಎಣಿಕೆ ವ್ಯೂನಿಂದ ತಗೊಂಡಿದ್ದೀರಾ, ಇಡೀ ಡೇಟಾಬೇಸ್‌ನಿಂದಾ?’ (ವ್ಯೂ ಅಂದರೆ ಆಯ್ದ ದಾಖಲೆಗಳನ್ನಷ್ಟೇ ತೋರಿಸುವ ಪಟ್ಟಿ.) ಮತ್ತೆ ಮೌನ. ಮೂರನೆಯ ಪ್ರಶ್ನೆ ಕೇಳುವ ಮೊದಲೇ ಅವರೇ ಕೇಳಿದರು: ‘ನೀವು ಯಾವಾಗಿಂದ ಬರಬಹುದು?’

ದರದ ಮಾತು ಬಂದಾಗ ಅವನಿಗೆ ಅರ್ಧ ದರ ಹೇಳುವ ಆತುರ. ನಾನು ಕೈ ಅಡ್ಡ ಹಿಡಿದೆ. ಹಳೆಯ ದರವನ್ನೇ ಹೇಳಿದ, ಒಪ್ಪಿದರು. ಮೂರು ವಾರ, ಬರೀ ತಪಾಸಣೆ. ಇಷ್ಟು ಚಿಕ್ಕದಾಗಿ ಕತ್ತರಿಸಿದ್ದರಿಂದಲೇ ಆ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಮೇಲಿನವರ ಮಂಜೂರಾತಿ ಬೇಗ ಸಿಕ್ಕಿತು ಅನ್ನುವುದು ನನ್ನ ನಂಬಿಕೆ. ಒಪ್ಪಂದದಲ್ಲಿ ಏನು ಕೊಡುವುದು ಅಂತ ಬರೆದೆವು: ಡೇಟಾಬೇಸ್‌ಗಳ ಪಟ್ಟಿ, ಪ್ರತಿಯೊಂದಕ್ಕೂ ಮೂರು ರೀತಿಯ ಎಣಿಕೆ, ತಾಳೆಯಾಗದ ಪ್ರತಿ ದಾಖಲೆಗೂ ಕಾರಣ. ಏನು ಕೊಡಲಾಗುವುದಿಲ್ಲ ಅಂತಲೂ ಬರೆದೆವು: ಈಗಾಗಲೇ ನಿಂತ ಸರ್ವರ್‌ಗಳಲ್ಲಿದ್ದುದು, ಕೀಲಿ ಕಳೆದುಹೋದ ಎನ್‌ಕ್ರಿಪ್ಟ್ ದಾಖಲೆಗಳು. ಹಣ ಎರಡು ಕಂತು, ಮೊದಲನೆಯದು ಪಟ್ಟಿ ಕೈಸೇರಿದಾಗ.

ಏನು ಕೊಡಲಾಗುವುದಿಲ್ಲ ಅನ್ನುವ ಆ ಷರತ್ತು ಅವನನ್ನು ಉಳಿಸಿತು. ಎರಡನೇ ವಾರ ಕಾನೂನು ವಿಭಾಗದ ಒಂದು ಡೇಟಾಬೇಸ್‌ನಲ್ಲಿ ನಲವತ್ತರಷ್ಟು ದಾಖಲೆಗಳ ಮುಖ್ಯ ಭಾಗ ತೆರೆಯಲೇ ಇಲ್ಲ. ಎನ್‌ಕ್ರಿಪ್ಟ್ ಮಾಡಿದವರು ನಿವೃತ್ತರಾಗಿ ಬಹಳ ವರ್ಷ. ನೋಟ್ಸ್ 8.5 ಆವೃತ್ತಿಯಲ್ಲಿ ಬಂದ, ಐಡಿ ಫೈಲ್‌ಗಳ ಪ್ರತಿ ಕಾದಿಡುವ ಐಡಿ ವಾಲ್ಟ್ ಸೌಲಭ್ಯದಲ್ಲಿ ಅವರ ಐಡಿ ಇದ್ದಿದ್ದರೆ ತೆಗೆಯಬಹುದಿತ್ತು, ಇರಲಿಲ್ಲ. ಗ್ರಾಹಕರು ಸಿಟ್ಟಾದರು, ಹೊಸಬ ಬಂದ ಮೇಲೆಯೇ ಹೀಗಾಯಿತು ಅನ್ನುವ ಮಾತೂ ಎದ್ದಿತು. ಗೆಳೆಯ ಪ್ರತಿ ದಾಖಲೆಯ ಗುರುತಿನ ಸಂಖ್ಯೆ, ಕೊನೆಯ ಸಲ ತಿದ್ದಿದ ದಿನಾಂಕ, ಯಾರ ಕೀಲಿ ಬೇಕು ಅನ್ನುವುದನ್ನು ಪಟ್ಟಿ ಮಾಡಿ ಮುಂದಿಟ್ಟ. ಕಾನೂನು ವಿಭಾಗದವರು ಅದರಲ್ಲಿ ಬಹುಪಾಲಿಗೆ ಕಾಗದದ ಪ್ರತಿ ಹುಡುಕಿ ತೆಗೆದರು. ಆ ಪಟ್ಟಿಯನ್ನು ಕಂಡೇ ಇರಬೇಕು, ಮೂರು ವಾರದ ಕೆಲಸ ನಾಲ್ಕು ತಿಂಗಳಿಗೆ ಬೆಳೆಯಿತು.

ಇಲ್ಲಿಗೆ ಎಲ್ಲ ಸುಖಾಂತ್ಯ ಅಂದುಕೊಳ್ಳಬಾರದು. ಇಂಥ ಕೆಲಸ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಚೆನ್ನಾಗಿ ಮಾಡಿದಷ್ಟೂ ಬೇಗ ಮುಗಿಯುತ್ತದೆ. ನಾಲ್ಕು ತಿಂಗಳಾದ ಮೇಲೆ ಏಳು ವಾರ ಮತ್ತೆ ಖಾಲಿ ಕೂತ. ಹಿಂದಿನ ಸಲದ ಭಯವೆಲ್ಲ ಮರಳಿತು. ಆದರೆ ಈ ಸಲ ಕಲಿಕೆಯ ಆಯ್ಕೆ ಬೇರೆಯಾಗಿತ್ತು. ದೂರದ ಕ್ಲೌಡ್ ಕೋರ್ಸ್ ಬಿಟ್ಟು, ತನ್ನ ವಿದ್ಯೆಯ ಬೇಲಿಗೆ ತಾಗಿಕೊಂಡಿರುವುದನ್ನು ಹಿಡಿದ: ದಾಖಲೆಗಳು ಹೋಗಿ ಸೇರುವ ಕಡೆಯ ವ್ಯವಸ್ಥೆ. ನೋಟ್ಸ್‌ನಲ್ಲಿ ದಾಖಲೆಗೊಂದು ಅನುಮತಿ ಸಹಜ. ಶೇರ್‌ಪಾಯಿಂಟ್ ಆನ್‌ಲೈನ್‌ನಲ್ಲಿ ಒಂದು ಲಿಸ್ಟ್‌ಗೆ ಪ್ರತ್ಯೇಕ ಅನುಮತಿಗಳ ಮಿತಿ 50,000. ಅದನ್ನೂ 5,000ದೊಳಗೆ ಇಟ್ಟುಕೊಳ್ಳಿ ಅನ್ನುವುದು ಮೈಕ್ರೋಸಾಫ್ಟ್‌ನ ಸಲಹೆ. ಹಾಗಾದರೆ ಹದಿನೆಂಟು ಸಾವಿರ ದಾಖಲೆಗಳ ರೀಡರ್ಸ್ ಫೀಲ್ಡ್‌ಗಳನ್ನು ಯಾವ ಗುಂಪುಗಳಾಗಿ ಮಡಚಬೇಕು? ಈ ಪ್ರಶ್ನೆ ಎರಡೂ ಕಡೆ ಬಲ್ಲವನಿಗೆ ಮಾತ್ರ ಸರಿಯಾಗಿ ಎದುರಾಗುತ್ತದೆ. ಇವನು ಏಳು ವಾರ ಅದನ್ನೇ ಕಲಿತ, ಹಿಂದಿನ ಕೆಲಸದಲ್ಲಿ ಕಂಡ ತೊಡಕುಗಳನ್ನೇ ಅಭ್ಯಾಸದ ಲೆಕ್ಕಗಳನ್ನಾಗಿ ಇಟ್ಟುಕೊಂಡು.

ಎರಡನೇ ಕಾಂಟ್ರಾಕ್ಟ್ ಬಂದದ್ದು ಮೊದಲಿನ ಪ್ರಾಜೆಕ್ಟ್ ಮ್ಯಾನೇಜರ್ ಬೇರೆ ಕಂಪನಿಗೆ ಹೋಗಿ ಅಲ್ಲಿಂದ ಕರೆದದ್ದರಿಂದ. ರೆಸ್ಯೂಮೆಯ ಮೊದಲ ಸಾಲಲ್ಲಿ ಈಗ ‘ಲೋಟಸ್ ನೋಟ್ಸ್’ ಮತ್ತೆ ಇದೆ, ಆದರೆ ‘ಡೆವಲಪರ್’ ಅನ್ನುವ ಪದ ಇಲ್ಲ. ‘ಹಳೆಯ ವ್ಯವಸ್ಥೆಯಿಂದ ದಾಖಲೆಗಳನ್ನು ಒಂದೂ ಕಳೆಯದೆ ಹೊರತರುವವನು’ ಅನ್ನುವ ಅರ್ಥದ ಸಾಲು ಇದೆ. ಎಲ್ಲರಿಗೂ ಇದೇ ಸಾಲು ಒದಗುವುದಿಲ್ಲ. ದಾಖಲೆ ಉಳಿಸಬೇಕಾದ ಒತ್ತಡವೇ ಇಲ್ಲದ ತಂತ್ರಜ್ಞಾನದವರಿಗೆ ನಾನು ಈ ದಾರಿ ಹೇಳಲಾರೆ. ಅವರು ಬೇಗ ಬೇರೆಡೆ ದಾಟುವುದೇ ಸರಿ, ಕಾಯಂ ಕೆಲಸದ ಮೂಲಕವಾದರೂ.

ಮೊನ್ನೆ ರಾತ್ರಿ ಹತ್ತರ ಮೇಲೆ ಫೋನ್ ಮಾಡಿದ. ಆ ಯೋಜನೆಯ ಅತಿ ದೊಡ್ಡ ಡೇಟಾಬೇಸ್‌ನ ಎಣಿಕೆ ಅಂದು ಮುಗಿದಿತ್ತು. ‘ತಾಳೆ ಆಯ್ತು ಕಣೋ. ಎರಡೂ ಕಡೆ ಒಂದೇ ಸಂಖ್ಯೆ’ ಅಂದ. ದನಿಯಲ್ಲಿ ಎರಡು ವರ್ಷದ ಹಿಂದಿನ ಗೆಳೆಯ ಇದ್ದ. ಈ ಕಾಂಟ್ರಾಕ್ಟ್ ಇನ್ನು ಒಂಬತ್ತು ವಾರಕ್ಕೆ ಮುಗಿಯುತ್ತದೆ. ಮುಂದಿನದಕ್ಕೆ ಅವನು ಐದು ಪತ್ರ ಈಗಲೇ ಕಳಿಸಿದ್ದಾನೆ, ಒಂದಕ್ಕೆ ಉತ್ತರ ಬಂದಿದೆ.